ಗಾಡಿ ನಿಲ್ಲುವ ಮುಂಚಿನ ಹತ್ತು ಸೆಕೆಂಡು

ಪ್ರಶ್ನೆ: ಸರ್, ಹೋದ ತಿಂಗಳು ಒಬ್ಬನೇ ಬೈಕಿನಲ್ಲಿ ದೂರ ಹೋಗಿದ್ದೆ. ಮನೆಯಿಂದ 300 ಕಿಲೋಮೀಟರ್ ಆಚೆ ಗಾಡಿ ಕೈಕೊಟ್ಟಿತು. ದೊಡ್ಡ ಗುಂಡಿಯೊಂದಕ್ಕೆ ಬಿದ್ದು ಎದ್ದ ಮೇಲೆ ಮೀಟರ್ ಲೈಟು ಒಂದೆರಡು ಸಲ ಮಿಣುಕಿತು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಎಲ್ಲ ಒಟ್ಟಿಗೇ ಆಫ್. ಸುತ್ತ ಅಂಗಡಿ ಇಲ್ಲ, ಮನೆ ಇಲ್ಲ. ಸ್ಪಾರ್ಕ್ ಪ್ಲಗ್ (ಪೆಟ್ರೋಲಿಗೆ ಕಿಡಿ ಹಚ್ಚುವ ಭಾಗ) ಮೂರು ಸಲ ಬಿಚ್ಚಿ ಉಜ್ಜಿ ಹಾಕಿದೆ. ಏರ್ ಫಿಲ್ಟರ್ ಬಿಚ್ಚಿದೆ. ದಾರಿಯಲ್ಲಿ ಹೋಗುತ್ತಿದ್ದವರೊಬ್ಬರು ತಳ್ಳಿ ಸ್ಟಾರ್ಟ್ ಮಾಡೋಣ ಅಂದರು, ಅರ್ಧ ಕಿಲೋಮೀಟರ್ ತಳ್ಳಿದೆವು. ಮೂರು ಗಂಟೆ ಹೋಯಿತು, ಕತ್ತಲಾಯಿತು, ಸೈಡ್ ಪ್ಯಾನೆಲ್‌ನ ಒಂದು ಸ್ಕ್ರೂ ಕಳೆದುಹೋಯಿತು. ಕೊನೆಗೆ ಗೂಡ್ಸ್ ಗಾಡಿಗೆ ಹಾಕಿಕೊಂಡು ಹೋದರೆ, ಮೆಕ್ಯಾನಿಕ್ ಬ್ಯಾಟರಿ ಟರ್ಮಿನಲ್ (ವೈರು ಕೂರುವ ತುದಿ) ಟೈಟ್ ಮಾಡಿ ಐದೇ ನಿಮಿಷದಲ್ಲಿ ಸ್ಟಾರ್ಟ್ ಮಾಡಿಕೊಟ್ಟರು! ನನ್ನದು ಇಂಜೆಕ್ಷನ್ ಗಾಡಿ (ಕಾರ್ಬುರೇಟರ್ ಬದಲು ಕಂಪ್ಯೂಟರ್ ಲೆಕ್ಕ ಹಾಕಿ ಪೆಟ್ರೋಲ್ ಚಿಮ್ಮಿಸುವಂಥದ್ದು), ತಗೊಂಡು ಎರಡು ವರ್ಷ. ಇಂಥ ಹೊತ್ತಿನಲ್ಲಿ ಎಲ್ಲಿಂದ ಶುರು ಮಾಡಬೇಕು? ಜೊತೆಗೆ ಏನೇನು ಇಟ್ಟುಕೊಳ್ಳಬೇಕು?

ಉತ್ತರ: ನಿಮ್ಮ ಪ್ರಶ್ನೆಯಲ್ಲೇ ಉತ್ತರ ಇದೆ. ಮೀಟರ್ ಲೈಟು ಮಿಣುಕಿತು, ಆಮೇಲೆ ಎಲ್ಲ ಒಟ್ಟಿಗೇ ಆಫ್ ಆಯಿತು ಎಂದು ನೀವೇ ಬರೆದಿದ್ದೀರಿ. ಇಷ್ಟು ಕೇಳಿದ ಮೇಲೆ ಅನುಭವ ಇರುವ ಮೆಕ್ಯಾನಿಕ್ ಪ್ಲಗ್ ಕಡೆ ತಿರುಗಿಯೂ ನೋಡುವುದಿಲ್ಲ. ಪ್ಲಗ್ ಕೆಟ್ಟರೆ ಇಂಜಿನ್ ನಿಲ್ಲುತ್ತದೆ, ಸರಿ. ಮೀಟರ್ ಲೈಟು ಯಾಕೆ ಆರಬೇಕು? ಲೈಟು, ಹಾರ್ನ್, ಇಂಜಿನ್ ಮೂರೂ ಒಂದೇ ಏಟಿಗೆ ಸತ್ತಿವೆ ಎಂದರೆ ಮೂರಕ್ಕೂ ಕರೆಂಟ್ ಬರುವ ದಾರಿಯೇ ಎಲ್ಲೋ ಕಡಿದಿದೆ. ಆ ದಾರಿಯಲ್ಲಿ ಇರುವುದು ಜಾಸ್ತಿ ಏನಲ್ಲ: ಬ್ಯಾಟರಿ, ಅದರ ಎರಡು ಟರ್ಮಿನಲ್, ಮೇನ್ ಫ್ಯೂಸ್, ಕೀ ಹಾಕುವ ಸ್ವಿಚ್. ಸೀಟು ಬಿಚ್ಚಿ ಟರ್ಮಿನಲ್ ಒಂದು ಸಲ ಕೈಯಲ್ಲಿ ಅಲ್ಲಾಡಿಸಿದ್ದರೆ ನೀವು ಕತ್ತಲಾಗುವ ಮುಂಚೆ ಊರು ಸೇರುತ್ತಿದ್ದಿರಿ.

ಬೈಯುತ್ತಿಲ್ಲ. ಗಾಡಿ ನಿಂತ ಕೂಡಲೇ ಕೈ ತಾನಾಗಿ ಸ್ಪ್ಯಾನರ್ ಹುಡುಕುತ್ತದೆ, ನನಗೂ ಹಾಗೇ ಆಗುತ್ತಿತ್ತು. ಈಗ ಒಂದು ಅಭ್ಯಾಸ ಮಾಡಿಕೊಂಡಿದ್ದೇನೆ. ಗಾಡಿ ನಿಂತರೆ ಹೆಲ್ಮೆಟ್ ತೆಗೆದು, ನೀರು ಕುಡಿದು, ನಿಲ್ಲುವ ಮುಂಚಿನ ಹತ್ತು ಸೆಕೆಂಡು ಏನೇನಾಯಿತು ಎಂದು ನೆನಪು ಮಾಡಿಕೊಳ್ಳುತ್ತೇನೆ. ಸದ್ದು ಬಂತಾ, ಜಗ್ಗಿತಾ, ವಾಸನೆ ಬಂತಾ, ಲೈಟು ಇತ್ತಾ, ಹಠಾತ್ತಾಗಿ ನಿಂತಿತಾ ಇಲ್ಲ ಒದ್ದಾಡಿ ನಿಂತಿತಾ. ಟೂಲ್ ಕಿಟ್ ಬಿಚ್ಚುವುದು ಆಮೇಲೆ.

ಅದಕ್ಕೂ ಮುಂಚೆ ಮಾಡಬೇಕಾದದ್ದು ಒಂದಿದೆ. ಗಾಡಿಯನ್ನು ರಸ್ತೆಯಿಂದ ಪೂರ್ತಿ ಆಚೆ ತೆಗೆಯಿರಿ. ತಿರುವಿನಲ್ಲಿ ನಿಂತಿದ್ದರೆ, ಏರು ಹತ್ತಿ ಇಳಿಯುವ ಜಾಗದಲ್ಲಿ ನಿಂತಿದ್ದರೆ, ಬೆವರು ಸುರಿದರೂ ಪರವಾಗಿಲ್ಲ, ಹಿಂದಿನಿಂದ ಬರುವವರಿಗೆ ದೂರದಿಂದಲೇ ಕಾಣುವ ಕಡೆಗೆ ತಳ್ಳಿಕೊಂಡು ಹೋಗಿ. ರಿಪೇರಿ ಮಾಡುವಾಗ ಗಾಡಿಗೂ ರಸ್ತೆಗೂ ನಡುವೆ ಕೂರಬೇಡಿ, ಆಚೆ ಪಕ್ಕ ಕೂರಿ. ರಾತ್ರಿ ಹೊತ್ತು ಬರೀ ಇಂಡಿಕೇಟರ್ ನಂಬಿಕೊಂಡು ಕೂರಬೇಡಿ. ಬ್ಯಾಟರಿ ಇಳಿದ ಹಾಗೆ ಅದೂ ಮಂಕಾಗುತ್ತದೆ. ಹಾಗೇ ಮನೆಯವರಿಗೋ ಸ್ನೇಹಿತರಿಗೋ ಲೊಕೇಶನ್ ಕಳಿಸಿಬಿಡಿ. ಎರಡು ಗಂಟೆ ಪರದಾಡಿ ಫೋನಿನ ಚಾರ್ಜ್ ಮುಗಿಯುವ ಹೊತ್ತಿಗೆ ಕಳಿಸುವ ಲೊಕೇಶನ್ ಯಾರಿಗೂ ಉಪಯೋಗಕ್ಕೆ ಬರುವುದಿಲ್ಲ.

ಇನ್ನು ಆ ಹತ್ತು ಸೆಕೆಂಡಿಗೆ ಬರೋಣ.

ಎಲ್ಲ ಒಟ್ಟಿಗೇ ಆರಿದರೆ ಏನು ನೋಡಬೇಕು ಎಂದು ಹೇಳಿದೆ. ಟರ್ಮಿನಲ್ ಗಟ್ಟಿಯಾಗೇ ಇದ್ದರೆ ಮೇನ್ ಫ್ಯೂಸ್ ನೋಡಿ. ಎಷ್ಟೋ ಗಾಡಿಗಳಲ್ಲಿ ಫ್ಯೂಸ್ ಬಾಕ್ಸಿನ ಒಳಗೇ ಒಂದೆರಡು ಸ್ಪೇರ್ ಫ್ಯೂಸ್ ಇಟ್ಟಿರುತ್ತಾರೆ, ಗಾಡಿ ಕೊಂಡವರೇ ಅದನ್ನು ನೋಡಿರುವುದಿಲ್ಲ. ಸುಟ್ಟ ಫ್ಯೂಸ್ ಎಷ್ಟು ಆಂಪಿಯರ್‌ನದೋ ಅಷ್ಟರದ್ದೇ ಹಾಕಿ. ಹೊಸದೂ ತಕ್ಷಣ ಸುಟ್ಟರೆ ಎಲ್ಲೋ ವೈರು ಉಜ್ಜಿ ಬಾಡಿಗೆ ತಾಗುತ್ತಿದೆ. ಹ್ಯಾಂಡಲ್ ತಿರುಗುವ ಕತ್ತಿನ ಹತ್ತಿರ, ಸೀಟಿನ ಕೆಳಗೆ, ಆಮೇಲೆ ಹೊರಗಿನಿಂದ ಹಾಕಿಸಿದ ಫಾಗ್ ಲೈಟ್, ಚಾರ್ಜರ್ ಇವುಗಳ ವೈರು ನೋಡಿ. ನನ್ನ ಅನುಭವದಲ್ಲಿ ಹೊರಗಿನಿಂದ ಹಾಕಿಸಿದ ಸಾಮಾನಿನ ಮೇಲೆ ಮೊದಲು ಅನುಮಾನ ಪಟ್ಟರೆ ತಪ್ಪಾಗುವುದು ಕಡಿಮೆ. ಫ್ಯೂಸ್ ಜಾಗಕ್ಕೆ ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತಿ ಹಾಕುವ ಬುದ್ಧಿವಂತಿಕೆ ಮಾತ್ರ ಬೇಡ. ಆಗ ಫ್ಯೂಸ್ ಬದಲು ವೈರಿಂಗೇ ಸುಡುತ್ತದೆ. ಅದರ ಪಕ್ಕದಲ್ಲೇ ಇರುವುದು ಪೆಟ್ರೋಲ್ ಟ್ಯಾಂಕು.

ಲೈಟೆಲ್ಲ ಸರಿಯಾಗಿದೆ, ಇಂಜಿನ್ ಮಾತ್ರ ಟಕ್ಕನೆ ಸ್ವಿಚ್ ಒತ್ತಿದ ಹಾಗೆ ನಿಂತಿತು ಎಂದರೆ, ನಿಜವಾಗಲೂ ಸ್ವಿಚ್ಚೇ ಒತ್ತಿರಬಹುದು! ನಗಬೇಡಿ. ಕಿಲ್ ಸ್ವಿಚ್, ಅಂದರೆ ಹ್ಯಾಂಡಲ್ ಮೇಲೆ ಇಂಜಿನ್ ನಿಲ್ಲಿಸಲು ಇರುವ ಸ್ವಿಚ್, ಆಫ್ ಆಗಿರುವುದು ಗೊತ್ತಿಲ್ಲದೆ ಗಂಟೆಗಟ್ಟಲೆ ಸೆಲ್ಫ್ ಹೊಡೆದವರನ್ನು, ಕಿಕ್ಕರ್ ಒದ್ದು ಒದ್ದು ಸುಸ್ತಾದವರನ್ನು ನಾನು ನೋಡಿದ್ದೇನೆ. ಗ್ಲೌಸ್ ಹಾಕಿದ ಹೆಬ್ಬೆರಳು ತಾಗಿದರೂ ಸಾಕು. ಆಮೇಲೆ ಸೈಡ್ ಸ್ಟ್ಯಾಂಡ್. ಈಗಿನ ಬಹಳಷ್ಟು ಗಾಡಿಗಳಲ್ಲಿ ಸ್ಟ್ಯಾಂಡ್ ಇಳಿದಿದ್ದರೆ ಗೇರ್ ಹಾಕಿದ ಕೂಡಲೇ ಇಂಜಿನ್ ಆಫ್ ಆಗುತ್ತದೆ. ಸ್ಟ್ಯಾಂಡ್ ಮೇಲೆತ್ತಿದ್ದರೂ ಅದರ ಬುಡದ ಸಣ್ಣ ಸ್ವಿಚ್ಚಿಗೆ ಕೆಸರು ಮೆತ್ತಿದರೆ, ಗಾಡಿ ಇನ್ನೂ ಸ್ಟ್ಯಾಂಡ್ ಇಳಿದಿದೆ ಅಂದುಕೊಳ್ಳುತ್ತದೆ. ಬಾಟಲಿಯಲ್ಲಿ ನೀರು ಸುರಿದು ತೊಳೆದು ನಾಲ್ಕು ಸಲ ಸ್ಟ್ಯಾಂಡ್ ಮೇಲೆ ಕೆಳಗೆ ಮಾಡಿ. ಗಾಡಿ ಮಗುಚಿ ಬಿದ್ದಿದ್ದರೆ ಇನ್ನೊಂದು ವಿಷಯ ಇದೆ. ಬಹಳಷ್ಟು ಇಂಜೆಕ್ಷನ್ ಗಾಡಿಗಳಲ್ಲಿ ಗಾಡಿ ಬಿದ್ದದ್ದನ್ನು ಕಂಡುಹಿಡಿದು ಇಂಜಿನ್ ನಿಲ್ಲಿಸುವ ಸೆನ್ಸರ್ ಇರುತ್ತದೆ. ಗಾಡಿ ಎತ್ತಿ ನಿಲ್ಲಿಸಿ, ಕೀ ಆಫ್ ಮಾಡಿ, ಮತ್ತೆ ಆನ್ ಮಾಡಿದ ಹೊರತು ಅದು ಸ್ಟಾರ್ಟ್ ಆಗಲು ಬಿಡುವುದಿಲ್ಲ.

ಜಗ್ಗಿ ಜಗ್ಗಿ, ಕೆಮ್ಮಿ, ಪಿಕಪ್ ಸತ್ತು, ಆಮೇಲೆ ನಿಂತರೆ ಅದು ಹೊಟ್ಟೆಯ ತೊಂದರೆ. ಪೆಟ್ರೋಲ್ ಹೋಗುತ್ತಿಲ್ಲ. ಮೊದಲು ಟ್ಯಾಂಕ್ ಮುಚ್ಚಳ ತೆಗೆದು ಕಣ್ಣಲ್ಲೇ ನೋಡಿ, ಮೀಟರಿನ ಮುಳ್ಳನ್ನು ನಂಬಬೇಡಿ. ಮುಚ್ಚಳ ತೆಗೆಯುವಾಗ "ಸುಸ್" ಎಂದು ಗಾಳಿ ಒಳಗೆ ಎಳೆದುಕೊಂಡಿತಾ? ಹಾಗಾದರೆ ಮುಚ್ಚಳದಲ್ಲಿ ಗಾಳಿ ಹೋಗುವ ಸಣ್ಣ ತೂತು ಕಟ್ಟಿಕೊಂಡಿರಬಹುದು. ಪೆಟ್ರೋಲ್ ಖಾಲಿಯಾದ ಜಾಗಕ್ಕೆ ಗಾಳಿ ಬರದಿದ್ದರೆ ಪೆಟ್ರೋಲ್ ಇಳಿಯುವುದಿಲ್ಲ. ಮುಚ್ಚಳ ತೆಗೆದು ಹಾಕಿದ ಮೇಲೆ ಸ್ಟಾರ್ಟ್ ಆಗಿ, ಸ್ವಲ್ಪ ದೂರ ಹೋಗಿ ಮತ್ತೆ ಹಾಗೇ ಆದರೆ ಅನುಮಾನವೇ ಬೇಡ. ಆಗಾಗ ನಿಲ್ಲಿಸಿ ಮುಚ್ಚಳ ತೆಗೆದು ಹಾಕುತ್ತಾ ಊರು ಮುಟ್ಟಬಹುದು. ಟ್ಯಾಂಕಿನ ಮೇಲೆ ಬ್ಯಾಗ್ ಕಟ್ಟಿದ್ದರೆ ಅದು ಮುಚ್ಚಳ ಒತ್ತಿಕೊಂಡಿದೆಯಾ ಎಂದೂ ನೋಡಿ. ಕಾರ್ಬುರೇಟರ್ ಗಾಡಿಯಾದರೆ ನಲ್ಲಿ ರಿಸರ್ವ್‌ಗೆ ತಿರುಗಿಸುವುದು ಎಲ್ಲರಿಗೂ ಗೊತ್ತು. ನಿಮ್ಮಂಥ ಇಂಜೆಕ್ಷನ್ ಗಾಡಿಯಲ್ಲಿ ಕಿವಿ ಕೊಡಬೇಕು. ಕೀ ಆನ್ ಮಾಡಿದ ಕೂಡಲೇ ಟ್ಯಾಂಕಿನ ಒಳಗೆ ಎರಡು ಮೂರು ಸೆಕೆಂಡು "ಗುಂಯ್" ಎನ್ನುತ್ತದೆ, ಅದು ಪೆಟ್ರೋಲ್ ಪಂಪು. ಆ ಸದ್ದು ಬರದಿದ್ದರೆ ಫ್ಯೂಸ್, ಕಿಲ್ ಸ್ವಿಚ್, ಪಂಪಿನ ಕನೆಕ್ಟರ್ ನೋಡಿ. ಎಲ್ಲ ಸರಿ ಇದ್ದೂ ಪಂಪು ಮಾತಾಡದಿದ್ದರೆ ರಸ್ತೆ ಬದಿಯಲ್ಲಿ ನಿಮ್ಮ ಕೈಯಲ್ಲಿ ಆಗುವ ಕೆಲಸ ಅಲ್ಲ. ಮನೆಯಲ್ಲಿ ಗಾಡಿ ಚೆನ್ನಾಗಿರುವಾಗಲೇ ಆ ಸದ್ದು ಕೇಳಿ ಇಟ್ಟುಕೊಳ್ಳಿ.

ಮಳೆಯಲ್ಲಿ, ನೀರು ದಾಟಿದ ಮೇಲೆ ನಿಂತರೆ ಪ್ಲಗ್ ಕ್ಯಾಪ್ ತೆಗೆದು ಒಣಬಟ್ಟೆಯಲ್ಲಿ ಒರೆಸಿ ಹಾಕಿ, ಎಷ್ಟೋ ಸಲ ಅಷ್ಟೇ ಸಾಕು. ಆದರೆ ಗಾಡಿ ನೀರಿನಲ್ಲಿ ಮುಳುಗಿ ಏರ್ ಫಿಲ್ಟರ್‌ವರೆಗೂ ನೀರು ಹೋಗಿದ್ದರೆ ಸೆಲ್ಫ್ ಒತ್ತಲೇಬೇಡಿ. ನೀರು ಗಾಳಿಯ ಹಾಗೆ ಕುಗ್ಗುವುದಿಲ್ಲ. ಸಿಲಿಂಡರಿನಲ್ಲಿ ನೀರು ತುಂಬಿರುವಾಗ ಪಿಸ್ಟನ್ ಮೇಲೆ ಬಂದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಪ್ಲಗ್ ಬಿಚ್ಚಿ ಆಮೇಲೆ ತಿರುಗಿಸಿ, ನೀರು ತೂತಿನಿಂದ ಚಿಮ್ಮಿ ಹೋಗಲಿ. ಆಯಿಲ್ ನೋಡುವ ಗಾಜಿನಲ್ಲಿ ಹಾಲಿನ ಬಣ್ಣ ಕಂಡರೆ ಅಲ್ಲಿಗೆ ಮುಗಿಯಿತು, ಆಯಿಲ್ ಬದಲಿಸುವವರೆಗೆ ಓಡಿಸಬಾರದು.

ಕೊನೆಯದು ಕೆಟ್ಟ ಜಾತಿ. ಲೋಹ ಲೋಹಕ್ಕೆ ಬಡಿಯುವ ಸದ್ದು, ಇದ್ದಕ್ಕಿದ್ದಂತೆ ಇಂಜಿನ್ ಬಿಗಿಯಾದ ಹಾಗೆ ಅನಿಸುವುದು, ಹಿಂದಿನ ಚಕ್ರ ಎಳೆದ ಹಾಗೆ ಆಗುವುದು, ಕೆಂಪು ಆಯಿಲ್ ಲೈಟು. ಇಂಥದ್ದು ಯಾವುದಾದರೂ ಆದ ಆ ಕ್ಷಣ ಕ್ಲಚ್ ಹಿಡಿದು, ಇಂಜಿನ್ ಆಫ್ ಮಾಡಿ, ಉರುಳಿಕೊಂಡೇ ಪಕ್ಕಕ್ಕೆ ಬನ್ನಿ. "ಇನ್ನೆರಡು ಕಿಲೋಮೀಟರ್ ಅಲ್ವಾ, ನಿಧಾನ ಹೋಗೋಣ" ಎನ್ನುವ ಆಸೆ ಬರುತ್ತದೆ. ಆಯಿಲ್ ಇಲ್ಲದ ಇಂಜಿನ್ನಿಗೆ ಎರಡು ಕಿಲೋಮೀಟರ್ ಬಹಳ ದೂರ. ಬರೀ ಬಿಸಿಯಾಗಿ ಪಿಕಪ್ ಇಳಿದಿದ್ದರೆ ನೆರಳಿನಲ್ಲಿ ನಿಲ್ಲಿಸಿ ಕಾಯಿರಿ, ಅರ್ಧ ಗಂಟೆಯಾದರೂ ಬೇಕು. ಕಾದ ಇಂಜಿನ್ ಮೇಲೆ ತಣ್ಣೀರು ಸುರಿಯಬೇಡಿ, ಲೋಹ ಸೀಳಬಹುದು. ರೇಡಿಯೇಟರ್ ಇರುವ ಗಾಡಿಯಾದರೆ ಬಿಸಿಯಲ್ಲಿ ಅದರ ಮುಚ್ಚಳ ತಿರುಗಿಸಬೇಡಿ, ಕುದಿಯುವ ನೀರು ಮುಖಕ್ಕೆ ಹಾರುತ್ತದೆ. ಪೂರ್ತಿ ಆರಿದ ಮೇಲೆ ಕೂಲೆಂಟ್ ಕಡಿಮೆ ಇದ್ದರೆ ಕುಡಿಯುವ ನೀರನ್ನೇ ತುಂಬಿ ಊರು ಸೇರಬಹುದು, ಆಮೇಲೆ ತೆಗೆಸಿ ಸರಿಯಾದದ್ದು ಹಾಕಿಸಿ.

ಸೆಲ್ಫಿನ ಸದ್ದೂ ಒಂದು ಭಾಷೆ. ಬಟನ್ ಒತ್ತಿದರೆ "ಟಕಟಕಟಕ" ಎಂದು ಬೇಗ ಬೇಗ ಬಡಿದುಕೊಂಡರೆ ಬ್ಯಾಟರಿಯಲ್ಲಿ ದಮ್ಮಿಲ್ಲ, ಇಲ್ಲವೇ ಟರ್ಮಿನಲ್ ಲೂಸು. ಇಂಜಿನ್ ಚೆನ್ನಾಗಿ ತಿರುಗಿಯೂ ಹಿಡಿಯುತ್ತಿಲ್ಲ ಅಂದರೆ ಬ್ಯಾಟರಿ ಸರಿ ಇದೆ, ಇಂಜಿನ್ನಿಗೆ ಪೆಟ್ರೋಲೋ ಪ್ಲಗ್ಗಿಗೆ ಕರೆಂಟೋ ಬರುತ್ತಿಲ್ಲ. ಯಾವ ಸದ್ದೂ ಇಲ್ಲ, ಆದರೆ ಲೈಟು ಗಟ್ಟಿಯಾಗಿದೆ ಅಂದರೆ ಕಿಲ್ ಸ್ವಿಚ್, ಸ್ಟ್ಯಾಂಡ್ ಸ್ವಿಚ್, ಕ್ಲಚ್ ಲಿವರ್ ಬುಡದ ಸ್ವಿಚ್. ವೋಲ್ಟ್ ಅಳೆಯುವ, ಜೇಬಿಗೆ ಹಿಡಿಸುವ ಸಣ್ಣ ಮೀಟರ್ ಇದ್ದರೆ ಇನ್ನೂ ಒಳ್ಳೆಯದು. ಇಂಜಿನ್ ಆಫ್ ಇದ್ದಾಗ ತುಂಬಿದ ಬ್ಯಾಟರಿ 12.6 ವೋಲ್ಟ್ ಆಸುಪಾಸು ತೋರಿಸುತ್ತದೆ. 12ಕ್ಕಿಂತ ಕೆಳಗಿದ್ದರೆ ಬಹುತೇಕ ಖಾಲಿ. ಇಂಜಿನ್ ಓಡುವಾಗ 13.5ರಿಂದ 14.5ರ ನಡುವೆ ಇರಬೇಕು. ಓಡುವಾಗಲೂ 12ರ ಆಸುಪಾಸಿನಲ್ಲೇ ಇದ್ದು ಇಳಿಯುತ್ತಾ ಹೋದರೆ ಚಾರ್ಜಿಂಗ್ ಆಗುತ್ತಿಲ್ಲ. ಹಗಲಾಗಿದ್ದರೆ ಹೆಡ್‌ಲೈಟ್ ಫ್ಯೂಸ್ ತೆಗೆದು, ಫೋನ್ ಚಾರ್ಜರ್ ಕಿತ್ತು, ಇಂಜಿನ್ ಎಲ್ಲೂ ಆಫ್ ಮಾಡದೆ ಹತ್ತಿರದ ಊರಿಗೆ ಓಡಿಸಿ. ಬ್ಯಾಟರಿಯಲ್ಲಿ ಉಳಿದಷ್ಟರಲ್ಲಿ ಎಷ್ಟು ದೂರ ಬರುತ್ತದೋ ಅಷ್ಟು.

ಈಗ ನೀವು ಅರ್ಧ ಕಿಲೋಮೀಟರ್ ತಳ್ಳಿದ ಕಥೆ. ತಳ್ಳಿ ಸ್ಟಾರ್ಟ್ ಮಾಡುವುದು ಸೆಲ್ಫ್ ತಿರುಗಿಸಲು ಶಕ್ತಿ ಇಲ್ಲದ ಬ್ಯಾಟರಿಗೆ ಮದ್ದು, ಪೂರ್ತಿ ಕರೆಂಟೇ ಇಲ್ಲದ ಗಾಡಿಗಲ್ಲ. ಇಂಜೆಕ್ಷನ್ ಗಾಡಿಯಲ್ಲಿ ಪಂಪು ತಿರುಗಬೇಕು, ಕಂಪ್ಯೂಟರ್ ಎಚ್ಚರವಾಗಬೇಕು. ಅದಕ್ಕೆ ಬ್ಯಾಟರಿಯಿಂದ ಒಂದಿಷ್ಟು ಕರೆಂಟ್ ಬೇಕೇ ಬೇಕು. ನಿಮ್ಮ ಟರ್ಮಿನಲ್ಲೇ ಬಿಟ್ಟಿತ್ತು, ಹತ್ತು ಕಿಲೋಮೀಟರ್ ತಳ್ಳಿದ್ದರೂ ಅಷ್ಟೇ. ಕೀ ಆನ್ ಮಾಡಿದಾಗ ಮೀಟರ್ ಲೈಟು ಬಂದು ಪಂಪು ಗುಂಯ್ ಅಂದರೆ ಮಾತ್ರ ತಳ್ಳಿ. ತಳ್ಳುವುದಾದರೆ ಸೆಕೆಂಡ್ ಗೇರಿನಲ್ಲಿ. ಫಸ್ಟ್‌ನಲ್ಲಿ ಹಿಂದಿನ ಚಕ್ರ ಲಾಕ್ ಆಗಿ ಜಾರುತ್ತದೆ, ಇಂಜಿನ್ ತಿರುಗುವುದಿಲ್ಲ. ಕೀ ಆನ್, ಕ್ಲಚ್ ಪೂರ್ತಿ ಹಿಡಿದು, ಇಳಿಜಾರು ಸಿಕ್ಕರೆ ಇಳಿಜಾರಿನಲ್ಲಿ ವೇಗ ಬರಿಸಿಕೊಳ್ಳಿ. ಸೀಟಿನ ಮೇಲೆ ದಪ್ಪನೆ ಕೂರುವುದೂ ಕ್ಲಚ್ ಬಿಡುವುದೂ ಒಂದೇ ಹೊತ್ತಿಗೆ ಆಗಬೇಕು. ಹಿಡಿದ ಕೂಡಲೇ ಮತ್ತೆ ಕ್ಲಚ್ ಹಿಡಿಯಿರಿ, ಇಲ್ಲದಿದ್ದರೆ ಗಾಡಿ ನಿಮ್ಮನ್ನು ಎಳೆದುಕೊಂಡು ಹೋಗುತ್ತದೆ. ನಾಲ್ಕು ಸಲಕ್ಕೆ ಆಗದಿದ್ದರೆ ಬಿಟ್ಟುಬಿಡಿ. ಕಾರು ಸಿಕ್ಕರೆ ಅದರ ಬ್ಯಾಟರಿಯಿಂದ ವೈರು ಎಳೆದು ಸ್ಟಾರ್ಟ್ ಮಾಡಬಹುದು, ಎರಡೂ 12 ವೋಲ್ಟೇ. ಆದರೆ ಕಾರಿನ ಇಂಜಿನ್ ಆಫ್ ಇರಲಿ. ಮೊದಲು ಕೆಂಪು ವೈರು ಪ್ಲಸ್‌ನಿಂದ ಪ್ಲಸ್‌ಗೆ. ಕಪ್ಪು ವೈರಿನ ಒಂದು ತುದಿ ಕಾರಿನ ಮೈನಸ್‌ಗೆ, ಇನ್ನೊಂದು ತುದಿ ಕೊನೆಯಲ್ಲಿ ಬೈಕಿನ ಬಣ್ಣ ಇಲ್ಲದ ಲೋಹದ ಭಾಗಕ್ಕೆ, ಬ್ಯಾಟರಿಯಿಂದ ಸ್ವಲ್ಪ ದೂರ.

ಇಂಜಿನ್ ಓಡುತ್ತಿದೆ, ಗಾಡಿ ಹೋಗುತ್ತಿಲ್ಲ ಎಂದರೆ ಚೈನ್ ನೋಡಿ. ತುಂಡಾದ ಚೈನಿಗೆ ಒಂದು ಸ್ಪೇರ್ ಚೈನ್ ಲಾಕ್ (ಚೈನಿನ ಎರಡು ತುದಿ ಸೇರಿಸುವ ಕೊಂಡಿ) ಇದ್ದರೆ ಸಾಕು, ಬೆಂಕಿಪೊಟ್ಟಣದಲ್ಲಿ ಹಿಡಿಸುತ್ತದೆ, ನಿಮ್ಮ ಚೈನಿನ ಅಳತೆಯದೇ ಆಗಿರಬೇಕು ಅಷ್ಟೇ. ಆ ಲಾಕಿನ ಕ್ಲಿಪ್ಪಿನಲ್ಲಿ ಮುಚ್ಚಿದ ತುದಿ ಚೈನ್ ಓಡುವ ದಿಕ್ಕಿಗೆ ಇರಬೇಕು, ಬಾಯಿ ತೆರೆದ ತುದಿ ಹಿಂದಕ್ಕೆ. ಉಲ್ಟಾ ಹಾಕಿದರೆ ಎಲ್ಲಾದರೂ ತಾಗಿ ಕಳಚಿಕೊಳ್ಳುತ್ತದೆ.

ಕ್ಲಚ್ ಕೇಬಲ್ ಕಡಿದರೆ ಹೆದರಬೇಡಿ, ಗಾಡಿ ಓಡುತ್ತದೆ. ನ್ಯೂಟ್ರಲ್‌ನಲ್ಲಿ ಸ್ಟಾರ್ಟ್ ಮಾಡಿ, ಕಾಲಲ್ಲಿ ತಳ್ಳಿಕೊಂಡು ಸ್ವಲ್ಪ ಉರುಳಲು ಬಿಟ್ಟು, ಫಸ್ಟ್ ಗೇರಿಗೆ ಒತ್ತಿ. ಒಂದು ಜರ್ಕ್ ಹೊಡೆದು ಹೊರಡುತ್ತದೆ. ಮುಂದಿನ ಗೇರಿಗೆ ಹೋಗುವಾಗ ಆಕ್ಸಿಲರೇಟರ್ ಒಂದು ಕ್ಷಣ ಬಿಟ್ಟು ಅದೇ ಕ್ಷಣಕ್ಕೆ ಗೇರ್ ಒತ್ತಿದರೆ ಸಲೀಸಾಗಿ ಬೀಳುತ್ತದೆ. ನಿಲ್ಲುವ ಮುಂಚೆ ನ್ಯೂಟ್ರಲ್ ಹುಡುಕಿಕೊಳ್ಳಬೇಕು, ತೊಂದರೆ ಇರುವುದು ಅಲ್ಲೇ. ಟ್ರಾಫಿಕ್ ಇರುವ ಕಡೆ ಇದು ಆಗದ ಮಾತು, ಖಾಲಿ ರಸ್ತೆಯಲ್ಲಿ ಮಾತ್ರ. ನಾನು ದೂರ ಹೋಗುವಾಗ ಹೊಸ ಕೇಬಲ್ಲನ್ನು ಹಳೆಯದರ ಪಕ್ಕದಲ್ಲೇ ಎಳೆದು ಪ್ಲಾಸ್ಟಿಕ್ ಟ್ಯಾಗ್ (ಜಿಪ್ ಟೈ) ಹಾಕಿ ಕಟ್ಟಿರುತ್ತೇನೆ. ಹಳೆಯದು ಕಡಿದರೆ ಎರಡು ತುದಿ ಬದಲಿಸಿದರೆ ಮುಗಿಯಿತು, ಟ್ಯಾಂಕ್ ಎತ್ತುವ ಗೋಜಿಲ್ಲ. ಆಕ್ಸಿಲರೇಟರ್ ಕೇಬಲ್ ಹೋದರೆ ಕಾರ್ಬುರೇಟರ್ ಗಾಡಿಯಲ್ಲಿ ಐಡ್ಲಿಂಗ್ ಸ್ಕ್ರೂ ಏರಿಸಿ, ಲೋ ಗೇರಿನಲ್ಲಿ ತೆವಳಿಕೊಂಡು ಹೋಗಬಹುದು.

ಇಷ್ಟೆಲ್ಲ ಬರೆದೆ, ಆದರೆ ದೂರದ ದಾರಿಯಲ್ಲಿ ಜಾಸ್ತಿ ಕಾಡುವುದು ಇದ್ಯಾವುದೂ ಅಲ್ಲ, ಪಂಕ್ಚರ್. ಅದನ್ನು ಕಲಿತವರು ಅರ್ಧ ಕಲಿತ ಹಾಗೆ. ಟ್ಯೂಬ್‌ಲೆಸ್ ಟೈರಾದರೆ ಮೊಳೆ ಕಂಡ ಕೂಡಲೇ ಕೀಳಬೇಡಿ. ಮೊಳೆ ಒಳಗೇ ಇದ್ದರೆ ಗಾಳಿ ನಿಧಾನ ಹೋಗುತ್ತದೆ, ಗಾಳಿ ತುಂಬಿಸಿಕೊಳ್ಳುತ್ತಾ ಎಷ್ಟೋ ದೂರ ಹೋಗಬಹುದು. ರಿಪೇರಿ ಮಾಡುವುದಾದರೆ ಕಿಟ್ ಬಿಚ್ಚಿ, ಸೂಜಿಗೆ ರಬ್ಬರ್ ಎಳೆ ಪೋಣಿಸಿ, ಸಲ್ಯೂಷನ್ ಹಚ್ಚಿ, ಎಲ್ಲ ಕೈಯಳತೆಯಲ್ಲಿ ಇಟ್ಟುಕೊಂಡು ಆಮೇಲೆ ಮೊಳೆ ಕೀಳಿ. ಮೊಳೆ ಯಾವ ಓರೆಯಲ್ಲಿ ಹೋಗಿದೆ ಎಂದು ನೋಡಿಕೊಳ್ಳಿ. ತೂತು ಉಜ್ಜುವ ಟೂಲೂ ಅದೇ ಓರೆಯಲ್ಲಿ ಹೋಗಬೇಕು. ನೇರ ತುರುಕಿದರೆ ಎರಡನೇ ತೂತು ಆಗುತ್ತದೆ. ಎಳೆಯನ್ನು ಒಳಗೆ ತಳ್ಳುವುದಕ್ಕೆ ಇಡೀ ಮೈಭಾರ ಬೇಕಾಗುತ್ತದೆ, ಹೆದರಬೇಡಿ. ಎರಡೂ ತುದಿ ಸ್ವಲ್ಪ ಹೊರಗೆ ಉಳಿಯುವಷ್ಟು ತಳ್ಳಿ, ಸೂಜಿಯನ್ನು ಟಕ್ಕನೆ ಎಳೆಯಿರಿ. ಗಾಳಿ ತುಂಬಿ, ಎಂಜಲು ಹಚ್ಚಿ ನೋಡಿ. ಗುಳ್ಳೆ ಬರದಿದ್ದರೆ ಗೆದ್ದಿರಿ. ಟೈರಿನ ಪಕ್ಕದ ಗೋಡೆಯಲ್ಲಿ ತೂತಾಗಿದ್ದರೆ ಈ ಎಳೆ ನಿಲ್ಲುವುದಿಲ್ಲ. ನಿಂತ ಹಾಗೆ ಕಂಡರೂ ಓಡುವಾಗ ಒಮ್ಮೆಗೇ ಕಿತ್ತುಬರುತ್ತದೆ, ಅದರ ಮೇಲೆ ನಂಬಿಕೆ ಇಡಬೇಡಿ.

ಟ್ಯೂಬ್ ಇರುವ ಟೈರಿಗೆ ತಾಳ್ಮೆ ಬೇಕು. ಚಕ್ರ ಬಿಚ್ಚಬೇಕು. ಅದರ ಆಕ್ಸಲ್ ನಟ್ಟಿನ ಸ್ಪ್ಯಾನರ್ ಕಂಪನಿ ಕೊಟ್ಟ ಕಿಟ್ಟಿನಲ್ಲಿ ಇದೆಯಾ ಎಂದು ಇವತ್ತೇ ನೋಡಿ, ಎಷ್ಟೋ ಗಾಡಿಗಳಲ್ಲಿ ಇರುವುದಿಲ್ಲ. ಟೈರ್ ಅಂಚು ರಿಮ್ಮಿನಿಂದ ಬಿಡಿಸುವುದೇ ದೊಡ್ಡ ಕೆಲಸ. ಸೋಪಿನ ನೀರು ಹಚ್ಚಿ, ಒಂದು ಕಡೆ ಟೈರ್ ಎಬ್ಬುವ ಲಿವರ್ ಹಾಕುವಾಗ ಎದುರು ಕಡೆಯ ಅಂಚನ್ನು ಮೊಣಕಾಲಿನಿಂದ ಒತ್ತಿ ರಿಮ್ಮಿನ ನಡುವಿನ ತಗ್ಗಿಗೆ ಇಳಿಸಿಕೊಳ್ಳಿ. ಇದೊಂದು ಗೊತ್ತಿದ್ದರೆ ಸುಲಭ, ಗೊತ್ತಿಲ್ಲದಿದ್ದರೆ ಗುದ್ದಾಟ. ಹೊಸ ಟ್ಯೂಬಿಗೆ ಸ್ವಲ್ಪ ಗಾಳಿ ತುಂಬಿಯೇ ಒಳಗಿಡಿ, ಲಿವರ್ ಬಾಯಿಗೆ ಸಿಕ್ಕಿ ಅದೂ ತೂತಾಗುವುದು ತಪ್ಪುತ್ತದೆ. ಮತ್ತೆ, ಟೈರಿನ ಒಳಗೆಲ್ಲ ಹುಷಾರಾಗಿ ಕೈಯಾಡಿಸದೆ ಹೊಸ ಟ್ಯೂಬ್ ಹಾಕಬೇಡಿ. ಮೊಳೆಯ ತುದಿ ಅಲ್ಲೇ ಕಾಯುತ್ತಿರುತ್ತದೆ.

ಇನ್ನು ಕೈಚೆಲ್ಲುವುದು ಯಾವಾಗ? ಇದನ್ನು ನೀವು ಕೇಳಿಲ್ಲ, ಆದರೆ ಕೇಳಬೇಕಿತ್ತು. ನನ್ನ ಲೆಕ್ಕ ಒಂದು ಗಂಟೆ, ಅಥವಾ ಬೆಳಕು ಇಳಿಯಲು ಒಂದು ಗಂಟೆ ಬಾಕಿ ಇರುವವರೆಗೆ, ಯಾವುದು ಮೊದಲೋ ಅದು. ಅಷ್ಟರಲ್ಲಿ ಕಾರಣ ಗೊತ್ತಾಗದಿದ್ದರೆ ಬಿಚ್ಚುವುದನ್ನು ನಿಲ್ಲಿಸಿ ಗಾಡಿ ಸಾಗಿಸುವ ಏರ್ಪಾಟು ನೋಡಿ. ಗಾಡಿಯ ಇನ್ಶೂರೆನ್ಸ್ ಜೊತೆ ರಸ್ತೆ ಬದಿಯ ಸಹಾಯ ಸೇರಿರಬಹುದು. ಪತ್ರ ತೆಗೆದು ಆ ನಂಬರ್ ಫೋನಿನಲ್ಲಿ ಈಗಲೇ ಹಾಕಿಕೊಳ್ಳಿ. ಇನ್ನೊಂದು ಬೈಕಿನವರು ಕಾಲಲ್ಲಿ ತಳ್ಳಿಕೊಂಡು ಹೋಗುತ್ತೇವೆ ಅಂದರೆ ನಯವಾಗಿ ಬೇಡ ಎನ್ನಿ. ಹಗ್ಗ ಕಟ್ಟಿ ಎಳೆಯುವುದೂ ನನಗೆ ಇಷ್ಟವಿಲ್ಲ. ಬೇರೆ ದಾರಿಯೇ ಇಲ್ಲದಿದ್ದರೆ ನಿಮ್ಮ ಗಾಡಿಗೆ ಹಗ್ಗ ಗಂಟು ಹಾಕಬೇಡಿ. ಫುಟ್‌ರೆಸ್ಟಿಗೆ ಒಂದು ಸುತ್ತು ಸುತ್ತಿ ತುದಿಯನ್ನು ಕಾಲಡಿ ಒತ್ತಿಕೊಳ್ಳಿ, ಕಾಲೆತ್ತಿದರೆ ಬಿಟ್ಟುಹೋಗುವ ಹಾಗೆ.

ಗೂಡ್ಸ್ ಗಾಡಿಗೆ ಹಾಕುವಾಗ ಮೊದಲು ನಾಲ್ಕೂ ಕಡೆಯಿಂದ ಫೋಟೋ, ಮೀಟರ್ ರೀಡಿಂಗ್ ಸಮೇತ. ಮುಂದಿನ ಚಕ್ರವನ್ನು ಮುಂದಿನ ಗೋಡೆಗೆ ಒತ್ತಿ ನಿಲ್ಲಿಸಿ, ಗೇರಿನಲ್ಲಿ ಇಡಿ, ಹ್ಯಾಂಡಲಿನ ಎರಡೂ ಬದಿಯಿಂದ ಮುಂದಕ್ಕೆ ಕೆಳಕ್ಕೆ ಬಿಗಿದು ಶಾಕ್ ಅಬ್ಸಾರ್ಬರ್ ಅರ್ಧ ಕೂರುವ ಹಾಗೆ ಮಾಡಿ. ಸೈಡ್ ಸ್ಟ್ಯಾಂಡ್ ಮೇಲೆ ಬಿಟ್ಟು ಹಗ್ಗ ಕಟ್ಟಿದರೆ ಒಂದು ಗುಂಡಿಗೆ ಗಾಡಿ ಮಲಗುತ್ತದೆ. ಸ್ವಲ್ಪ ದೂರ ಹೋದ ಮೇಲೆ ನಿಲ್ಲಿಸಿ ಹಗ್ಗ ಮತ್ತೆ ಬಿಗಿಯಬೇಕು, ಸಡಿಲ ಆಗಿಯೇ ಆಗಿರುತ್ತದೆ.

ಗೊತ್ತಿಲ್ಲದ ಮೆಕ್ಯಾನಿಕ್ ಹತ್ತಿರ ಹೋದಾಗ ಕಾಯಿಲೆಯ ಹೆಸರು ನೀವೇ ಹೇಳಬೇಡಿ. "ಪ್ಲಗ್ ಹೋಗಿದೆ ನೋಡಿ" ಅಂದರೆ ಅವರು ಪ್ಲಗ್ಗೇ ನೋಡುತ್ತಾರೆ. ಆ ಹತ್ತು ಸೆಕೆಂಡಿನ ಕಥೆ ಹೇಳಿ, ನೀವು ಏನೇನು ಬಿಚ್ಚಿದ್ದೀರಿ ಎಂದೂ ಮುಚ್ಚಿಡದೆ ಹೇಳಿ. ಏನು ಬದಲಿಸಿದರೂ ಹಳೇ ಪಾರ್ಟ್ ಕೈಗೆ ಕೊಡಿ ಎಂದು ಮೊದಲೇ ಕೇಳಿಕೊಳ್ಳಿ. ಒಂದು ಸಲ ನನ್ನ ಗಾಡಿಗೆ ದಾರಿಯಲ್ಲಿ ಒಬ್ಬರು ಮೂರು ಪಾರ್ಟ್ ಒಟ್ಟಿಗೆ ಬದಲಿಸಿ ಸರಿ ಮಾಡಿದರು. ಕೆಟ್ಟದ್ದು ಯಾವುದು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ, ಅವರಿಗೂ ಗೊತ್ತಿರಲಿಲ್ಲ.

ಜೊತೆಗೆ ಇಟ್ಟುಕೊಳ್ಳುವುದು. ಪಟ್ಟಿ ಉದ್ದ ಮಾಡಿದಷ್ಟೂ ಯಾರೂ ಒಯ್ಯುವುದಿಲ್ಲ, ಅದಕ್ಕೆ ನಿಮ್ಮ ಗಾಡಿಗೆ ತಕ್ಕಷ್ಟೇ ಹೇಳುತ್ತೇನೆ. ಕಂಪನಿ ಕಿಟ್ ಜೊತೆಗೆ ಒಂದು ಒಳ್ಳೆಯ 10ರ ಸ್ಪ್ಯಾನರ್, ಆಕ್ಸಲ್ ಸ್ಪ್ಯಾನರ್, ಅಲೆನ್ ಕೀ ಸೆಟ್, ಕಟಿಂಗ್ ಪ್ಲೇಯರ್. ಪಂಕ್ಚರ್ ಕಿಟ್, ಬ್ಯಾಟರಿಗೆ ಸಿಕ್ಕಿಸುವ ಗಾಳಿ ಪಂಪು. ಫ್ಯೂಸು, ಚೈನ್ ಲಾಕು, ಕ್ಲಚ್ ಕೇಬಲ್ಲು, ಒಂದು ಕ್ಲಚ್ ಲಿವರು. ಗಾಡಿ ನಿಂತಲ್ಲೇ ಮಗುಚಿದರೂ ಮೊದಲು ಮುರಿಯುವುದು ಆ ಲಿವರೇ. ಇನ್ಸುಲೇಷನ್ ಟೇಪು, ಹತ್ತಿಪ್ಪತ್ತು ಪ್ಲಾಸ್ಟಿಕ್ ಟ್ಯಾಗು, ಒಂದು ಮಾರು ಬೈಂಡಿಂಗ್ ವೈರು, ಎರಡು ಬಣ್ಣದ ಮೇಣ ಕಲಸಿ ಹಚ್ಚುವ ಎಪಾಕ್ಸಿ. ತಲೆಗೆ ಕಟ್ಟುವ ಟಾರ್ಚು, ಯಾಕೆಂದರೆ ಬಾಯಲ್ಲಿ ಫೋನು ಕಚ್ಚಿಕೊಂಡು ನಟ್ಟು ಬಿಚ್ಚಲು ಆಗುವುದಿಲ್ಲ. ಸ್ನಾನದ ಸೋಪಿನ ತುಂಡು ಮರೆಯಬೇಡಿ. ಪೆಟ್ರೋಲ್ ಟ್ಯಾಂಕ್ ಸಣ್ಣಗೆ ಸೋರಿದರೆ ಒಣ ಸೋಪನ್ನು ಗಟ್ಟಿಯಾಗಿ ಉಜ್ಜಿ ತುಂಬಿ, ಪೆಟ್ರೋಲಿಗೆ ಸೋಪು ಕರಗುವುದಿಲ್ಲ, ಊರು ಸೇರುವವರೆಗೆ ತಡೆಯುತ್ತದೆ. ಇಂಜಿನ್ ಪೂರ್ತಿ ಆರಿದ ಮೇಲೆ ಮಾತ್ರ ಈ ಕೆಲಸ.

ಇವನ್ನೆಲ್ಲ ತಗೊಂಡು ಬ್ಯಾಗಿನಲ್ಲಿ ತುಂಬಿ ಇಟ್ಟರೆ ಪ್ರಯೋಜನ ಇಲ್ಲ. ಒಂದು ರಜಾ ದಿನ ಮನೆ ಮುಂದೆ ಕೂತು, ಬ್ಯಾಗಿನಲ್ಲಿರುವ ಟೂಲಿನಿಂದ ಮಾತ್ರ, ಸೀಟು ಬಿಚ್ಚಿ ಬ್ಯಾಟರಿ ತಲುಪಿ, ಫ್ಯೂಸ್ ತೆಗೆದು ಹಾಕಿ, ಹಿಂದಿನ ಚಕ್ರ ಬಿಚ್ಚಿ ಹಾಕಿ ನೋಡಿ. ಯಾವ ಟೂಲ್ ಇಲ್ಲ ಎನ್ನುವುದು ಅವತ್ತೇ ಗೊತ್ತಾಗುತ್ತದೆ.

ನಿಮ್ಮ ಗಾಡಿಗೆ ಈಗ ಆಗಬೇಕಾದ ಎರಡು ಕೆಲಸ ಇದೆ. ಟರ್ಮಿನಲ್ ಯಾಕೆ ಸಡಿಲವಾಯಿತು ಎಂದು ನೋಡಿ. ಬ್ಯಾಟರಿ ಹಿಡಿದಿರುವ ರಬ್ಬರ್ ಬೆಲ್ಟು ಸಡಿಲವಾಗಿದ್ದರೆ ಗುಂಡಿಗೆ ಬಿದ್ದಾಗೆಲ್ಲ ಬ್ಯಾಟರಿ ಕುಣಿಯುತ್ತದೆ, ಟರ್ಮಿನಲ್ ಮತ್ತೆ ಬಿಡುತ್ತದೆ. ಇನ್ನೊಂದು ಪ್ಲಗ್. ಕಾದ ಇಂಜಿನ್ನಿನಲ್ಲಿ, ಕತ್ತಲಲ್ಲಿ, ಸಿಟ್ಟಿನಲ್ಲಿ ಮೂರು ಸಲ ಬಿಚ್ಚಿ ಹಾಕಿದ್ದೀರಿ. ಇಂಜಿನ್ ಹೆಡ್ ಅಲ್ಯೂಮಿನಿಯಂ, ಪ್ಲಗ್ ಕೂರುವ ತೂತಿನ ಮರೆ (ಥ್ರೆಡ್) ಮೆತ್ತಗಿರುತ್ತದೆ. ಗಾಡಿ ಪೂರ್ತಿ ತಣ್ಣಗಿರುವಾಗ ಒಮ್ಮೆ ಬಿಚ್ಚಿ, ಬರಿ ಬೆರಳಲ್ಲಿ ತಿರುಗಿಸಿ ಕೊನೆಯವರೆಗೂ ಸಲೀಸಾಗಿ ಹೋಗುತ್ತದಾ ನೋಡಿ. ಹೋದರೆ, ಹಳೇ ಪ್ಲಗ್ಗಾದ್ದರಿಂದ ಸ್ಪ್ಯಾನರಿನಲ್ಲಿ ಸ್ವಲ್ಪವೇ ಬಿಗಿ ಮಾಡಿ ಬಿಟ್ಟುಬಿಡಿ. ನಡುವೆ ಎಲ್ಲಾದರೂ ಹಿಡಿದ ಹಾಗೆ ಆದರೆ ಬಲ ಹಾಕದೆ ಮೆಕ್ಯಾನಿಕ್ ಹತ್ತಿರ ಒಯ್ಯಿರಿ. ಸೈಡ್ ಪ್ಯಾನೆಲ್ ಸ್ಕ್ರೂ ಸಿಗುವವರೆಗೆ ಒಂದು ಪ್ಲಾಸ್ಟಿಕ್ ಟ್ಯಾಗ್ ಹಾಕಿಕೊಳ್ಳಿ.